ಊರು ಮುಟ್ಟಿದ ಮೇಲೆ ಕಥೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಾನು ಕಮಲಾಪುರದ ಲ್ಯಾಬಿನಲ್ಲಿ ಒಬ್ಬ ಅಜ್ಜನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದೆ. ಮೇಜಿನ ಮೇಲಿದ್ದ ಫೋನು ನಡುಗಿತು. ನೋಡಲಿಲ್ಲ. ಸೂಜಿ ಚುಚ್ಚಿ, ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಯಲು ಅಜ್ಜನಿಗೆ ಹೇಳಿ, ಟ್ಯೂಬಿನ ಮೇಲೆ ಹೆಸರು ಬರೆದು, ಆಮೇಲೆ ನೋಡಿದೆ. ಮಗಳು ಅಫ್ಶೀನ್ ಕಳಿಸಿದ್ದಳು. ಐದು ವಿಷಯ ಪಾಸು. ವಿಜ್ಞಾನ ಆರು ಅಂಕದಿಂದ ನಪಾಸು.

ಅದರ ಕೆಳಗೆ ಇನ್ನೊಂದು ಸಾಲು: ‘ಅಮ್ಮಿ, ನಾ ಮತ್ತ ಬರೆಯಂಗಿಲ್ಲ. ದಾದಿ ಅಂಗಡ್ಯಾಗ ಕೂಡ್ತೀನಿ.’ ದಾದಿ ಎಂದರೆ ನನ್ನ ಅತ್ತೆ; ಅವರದು ಬಳೆ ಅಂಗಡಿ.

ಲ್ಯಾಬಿನಲ್ಲಿ ಚೀಟಿ ಬರೆಯುವ, ಕಸ ಗುಡಿಸುವ, ಅಳುವ ಮಕ್ಕಳನ್ನು ಎತ್ತಿಕೊಳ್ಳುವ ಬಂಡೆಮ್ಮ ನನ್ನ ಮುಖ ನೋಡಿದಳು.

“ಯಾಕ್ರೀ ಜೀನತಕ್ಕ, ಮಾರಿ ಸಣ್ಣದಾಯ್ತು?”

“ವಿಜ್ಞಾನ ಹೋಯ್ತು ಬಂಡೆಮ್ಮ.”

“ಅಯ್ಯ, ನಿಮ್ಮ ಮಗಳಿಗೆ ವಿಜ್ಞಾನ ಹೋಯ್ತಾ? ದಿನಾ ನೀವು ಮಾಡೋದು ಅದೇ ಅಲ್ರೀ?”

ಅವಳು ಚುಚ್ಚಲು ಹೇಳಿದ ಮಾತಲ್ಲ. ಆದರೆ ಚುಚ್ಚಿತು. ಹದಿನಾಲ್ಕು ವರ್ಷದಿಂದ ನಾನು ಊರಿನ ರಕ್ತ ತೆಗೆದು ಪರೀಕ್ಷೆ ಮಾಡುತ್ತಿದ್ದೇನೆ. ಆ ರಕ್ತ ಮೈಯೊಳಗೆ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ನನ್ನ ಮಗಳಿಗೆ ಕಲಿಸಲು ನನ್ನಿಂದ ಆಗಿರಲಿಲ್ಲ.

ಎರಡನೇ ಪರೀಕ್ಷೆಗೆ ಇಪ್ಪತ್ತಾರು ದಿನ ಇತ್ತು. ಅದರಲ್ಲಿ ಪಾಸಾದರೆ ಈ ವರ್ಷವೇ ಗೆಳತಿಯರ ಜೊತೆ ಪಿಯುಸಿಗೆ ಹೋಗಬಹುದು. ಅದು ಹೋದರೆ ಮೂರನೆಯದೂ ಒಂದಿದೆ ಎನ್ನುತ್ತಾರೆ. ಆದರೆ ಅಫ್ಶೀನಳನ್ನು ನಾನು ಬಲ್ಲೆ. ಇನ್ನೊಂದು ಸಲ ಬಿದ್ದರೆ ಅವಳು ಪುಸ್ತಕವನ್ನು ಶಾಶ್ವತವಾಗಿ ಮುಚ್ಚಿಬಿಡುತ್ತಾಳೆ. ಬಳೆ ಅಂಗಡಿ ಕೆಟ್ಟದ್ದಲ್ಲ. ಅದರ ಅನ್ನವನ್ನೇ ಉಂಡು ನನ್ನ ಗಂಡ ಗುಫ್ರಾನ್ ಬೆಳೆದದ್ದು. ಆದರೆ ಬೇಕೆಂದು ಅಲ್ಲಿ ಕೂಡುವುದು ಬೇರೆ, ಸೋತು ಕೂಡುವುದು ಬೇರೆ. ಸೋತು ಕೂಡಲು ಬಿಡುವುದಿಲ್ಲ ಎಂದು ಅವತ್ತು ಬಸ್ಸಿನಲ್ಲಿ ನಿಂತೇ ನಿರ್ಧರಿಸಿದೆ. ಸೀಟು ಸಿಕ್ಕಿರಲಿಲ್ಲ.

ಮೊದಲ ಮೂರು ದಿನ ನನ್ನ ರೀತಿಯಲ್ಲೇ ಕಲಿಸಿದೆ. ಅಂದರೆ ಹೇಳಿದ್ದನ್ನೇ ಹೇಳುವುದು. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ. ಅವಳು ಹತ್ತು ಸಲ ಹೇಳುತ್ತಾಳೆ, ಹನ್ನೊಂದನೆಯ ಸಲ ಎಡ ಬಲಕ್ಕೆ ಬರುತ್ತದೆ, ಕುಕ್ಷಿ ಮೇಲೆ ಏರುತ್ತದೆ, ಶ್ವಾಸಕೋಶ ಎಲ್ಲಿಗೋ ಹಾರಿಹೋಗುತ್ತದೆ. ಮೂರನೆಯ ದಿನ ನಾನು ಪುಸ್ತಕ ಎಸೆದೆ. ಅವಳು ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟಳು.

“ನಿನಗ ಸಿಟ್ಟು ಬಂದ್ರ ಎಸಿತಿ. ನನಗ ಬಂದ್ರ ಎಲ್ಲಿ ಎಸೀಲಿ?” ಎಂದಳು.

ನಾನು ಪುಸ್ತಕದ ಮಡಚಿದ ಹಾಳೆ ನೇರ ಮಾಡಿದೆ.

ಮರುದಿನ ಭಾನುವಾರ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ದರ್ಗಾದ ಕಡೆ ಹೋಗುವ ಓಣಿಯಲ್ಲಿ ನಮ್ಮ ಅತ್ತೆ ಗುಲ್ಶನ್‌ಬಿಯ ಬಳೆ ಅಂಗಡಿ. ಮೇ ತಿಂಗಳು, ಮದುವೆಗಳ ಹಂಗಾಮು. ಅಫ್ಶೀನ್ ಡಬ್ಬಿಗಳನ್ನು ತೆಗೆದುಕೊಡುತ್ತಿದ್ದಳು, ಅತ್ತೆ ಒಬ್ಬ ಮದುಮಗಳಿಗೆ ಬಳೆ ಇಡುತ್ತಿದ್ದರು. ಕೈ ಗಟ್ಟಿ ಇದ್ದ ಹುಡುಗಿ. ನೋವಿಗೆ ಕಣ್ಣಲ್ಲಿ ನೀರು.

“ದಾದಿ ಮೊದಲ ಬಳಿ ಇಡೋವಾಗ ಕಥಿ ಹೇಳ್ತಿದ್ಳು,” ಎಂದು ಅಫ್ಶೀನ್ ಆ ಹುಡುಗಿಗೆ ಹೇಳಿದಳು. “ನೋವೇ ಗೊತ್ತಾಗ್ತಿರಲಿಲ್ಲ ನೋಡ್ರಿ.”

“ಎಂಥಾ ಕಥಿ?”

“ಉಪ್ಪು ಮಾರೋ ಮುದುಕಿ ಏಳು ಅಗಸಿ ದಾಟಿದ ಕಥಿ. ಮೊದಲನೇ ಅಗಸ್ಯಾಗ ಕಾವಲುಗಾರ ಉಪ್ಪು ಕೇಳ್ತಾನ. ಎರಡನೇದರಾಗ ಕುರುಡ ಒಂಟಿ. ಮೂರನೇದರಾಗ ಬಾಗ್ಲೇ ಇಲ್ಲ, ಗ್ವಾಡಿ ಅದ...”

ಅವಳು ಏಳೂ ಅಗಸಿ ದಾಟಿಸಿದಳು. ಯಾವ ಬಾಗಿಲಲ್ಲಿ ಎಷ್ಟು ಚಿಟಿಕೆ ಉಪ್ಪು ಹೋಯಿತು, ಕೊನೆಗೆ ಸೆರಗಿನಲ್ಲಿ ಎಷ್ಟು ಉಳಿಯಿತು, ಒಂದೂ ತಪ್ಪಲಿಲ್ಲ. ಆ ಕಥೆಯನ್ನು ಅವಳು ಕೇಳಿದ್ದು ಏಳೆಂಟು ವರ್ಷದ ಹಿಂದೆ. ನಾನು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದೆ. ನಾಲ್ಕು ಕೋಣೆಯ ಹೃದಯದಲ್ಲಿ ದಾರಿ ತಪ್ಪುವ ಹುಡುಗಿ ಏಳು ಅಗಸಿಯನ್ನು ಕಣ್ಣು ಮುಚ್ಚಿ ದಾಟಿದ್ದಳು.

ಗಿರಾಕಿ ಹೋದ ಮೇಲೆ ಅತ್ತೆಯ ಎದುರು ಕುಳಿತೆ.

“ಅಮ್ಮಾಜಾನ್, ಆಕಿ ಪಾಠ ನೀವು ಕಥಿ ಮಾಡಿ ಹೇಳ್ರಿ.”

ಅತ್ತೆ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. “ನನಗ ಅಲೀಫ್ ಬೇ ಬಿಟ್ರ ಅಕ್ಷರ ಬರಂಗಿಲ್ಲ. ನಾ ಎಂಥಾ ವಿಜ್ಞಾನ ಹೇಳ್ಲಿ?”

“ವಿಜ್ಞಾನ ನಾ ಕೊಡ್ತೀನಿ. ಕಥಿ ನೀವು ಕೊಡ್ರಿ.”

“ನೀ ಬಂದು ಅಡಿಗಿ, ಊಟ ಮುಗಿಯೋದ್ರಾಗ ರಾತ್ರಿ ಎಂಟು ದಾಟ್ತದ. ಇಶಾ ನಮಾಜ್ ಆದ ಮ್ಯಾಲ ನನಗ ಕಣ್ಣು ತೆರೆಯಂಗಿಲ್ಲ, ಆಕಿಗೂ ತೆರೆಯಂಗಿಲ್ಲ.”

“ಹಗಲು ಹೇಳ್ರಿ. ಅಂಗಡಿ ತೆಗೆಯೋದು ಹನ್ನೊಂದಕ್ಕಲ್ಲೇನು?”

ಅತ್ತೆಯ ಮುಖ ಬಿಗಿಯಾಯಿತು. “ಹಗಲು ಹೇಳಂಗಿಲ್ಲ. ನಿನಗ ಗೊತ್ತದ.”

ನನಗೆ ಗೊತ್ತಿತ್ತು. ನಮ್ಮ ಮಂದಿಯಲ್ಲಿ ಒಂದು ನಂಬಿಕೆ: ಹಗಲು ಹೊತ್ತು ಕಥೆ ಹೇಳಿದರೆ ಎಲ್ಲೋ ಹೋಗುತ್ತಿರುವ ಮುಸಾಫಿರರು ದಾರಿ ತಪ್ಪುತ್ತಾರೆ. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ನಂಬಿರಲಿಲ್ಲವಂತೆ. ಬಳೆ ಇಡುತ್ತ ನಡುಮಧ್ಯಾಹ್ನ ಕಥೆ ಹೇಳುತ್ತಿದ್ದರಂತೆ. ಒಂದು ದಿನ ಅವರ ಗಂಡ ನಬಿಸಾಬ್ ಬಳೆಯ ಪೆಟ್ಟಿಗೆ ಹೊತ್ತು ಕಮಲಾಪುರದ ಸಂತೆಗೆಂದು ಹೋದವರು ಬಸ್ಸಿನಲ್ಲಿ ನಿದ್ದೆ ಹೋಗಿ ಬೀದರ್‌ನಲ್ಲಿ ಎದ್ದರು. ಮೂರು ದಿನ ಬಿಟ್ಟು ಬಂದರು, ಪೆಟ್ಟಿಗೆ ಇಲ್ಲದೆ. ‘ಮಧ್ಯಾಹ್ನ ನೀ ಏನು ಮಾಡ್ತಿದ್ದಿ?’ ಎಂದು ಅವರು ಕೇಳಿದ್ದೇ ಕೇಳಿದ್ದು, ಅತ್ತೆ ಅಂದಿನಿಂದ ಹಗಲು ಕಥೆ ಬಿಟ್ಟರು. ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ದೂರ ಹೋಗುವವರು ಯಾರೂ ಇರಲಿಲ್ಲ, ಹಾಗಾಗಿ ಮತ್ತೆ ಶುರುವಾಗಿತ್ತು. ಆರು ವರ್ಷದ ಹಿಂದೆ ನಾನು ಊರೊಳಗಿನ ಲ್ಯಾಬು ಬಿಟ್ಟು ಕಮಲಾಪುರಕ್ಕೆ ದಿನಾ ಹೋಗಿಬರಲು ಹಿಡಿದಾಗ ಮತ್ತೆ ನಿಂತಿತು. ಈಗ ಅವರು ಬಳೆ ಇಡುವಾಗ ಸುದ್ದಿ ಹೇಳುತ್ತಾರೆ. ಯಾರ ಮನೆ ಮದುವೆ, ಯಾರಿಗೆ ಮಗು. ಸುದ್ದಿಗೆ ಅಡ್ಡಿಯಿಲ್ಲ. ಅದು ಖರೆ. ಅವತ್ತು ಭಾನುವಾರ, ನಾನು ಕಣ್ಣ ಮುಂದೆಯೇ ಇದ್ದೆ; ಅದಕ್ಕೇ ಅಫ್ಶೀನಳ ಕಥೆಯನ್ನು ತಡೆದಿರಲಿಲ್ಲ.

“ಅಬ್ಬಾಜಾನ್‌ಗೆ ನಿದ್ದಿ ಹತ್ತಿತ್ತು,” ಎಂದೆ.

“ನಿನಗ ಬಸ್ಸಿನ್ಯಾಗ ನಿದ್ದಿ ಹತ್ತಂಗಿಲ್ಲೇನು?”

ಹತ್ತುತ್ತದೆ. ಸೀಟು ಸಿಕ್ಕ ದಿನ ತಾಜಸುಲ್ತಾನಪುರದ ಕಡೆಯ ಹೊಲ ಕಾಣುವುದರೊಳಗೇ ಹತ್ತುತ್ತದೆ. ಅದನ್ನು ಹೇಳಲಿಲ್ಲ.

ಅತ್ತೆಯ ಜೊತೆ ವಾದ ಮಾಡಿ ಗೆದ್ದವರು ರೋಜಾದಲ್ಲಿ ಇಲ್ಲ. ಆದರೆ ಅವರ ಕಾನೂನಿನೊಳಗೇ ಹೊಕ್ಕು ಕೇಳಿದರೆ ಕಿವಿಗೊಡುತ್ತಾರೆ. ಆ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಕೇಳಿದೆ: “ಅಮ್ಮಾಜಾನ್, ಊರು ಮುಟ್ಟಿದ ಮ್ಯಾಲ ಅಂವ ಮುಸಾಫಿರ ಹೌದೋ ಅಲ್ಲೋ?”

ಅತ್ತೆ ಚಹಾದ ಬಟ್ಟಲು ಕೆಳಗಿಟ್ಟರು. “ಮುಟ್ಟಿದ ಮ್ಯಾಲ ಹ್ಯಾಂಗ ಮುಸಾಫಿರ ಆಗ್ತಾನ?”

“ನಾ ಏಳೂ ಮುಕ್ಕಾಲಿನ ಬಸ್ಸಿಗೆ ಹೋಗ್ತೀನಿ. ಒಂಬತ್ತರೊಳಗ ಕಮಲಾಪುರ ಮುಟ್ತೀನಿ. ಮುಟ್ಟಿ ಫೋನ್ ಮಾಡ್ತೀನಿ. ಅಲ್ಲಿಂದ ಸಂಜೀ ತನಕ ನಾ ಎಲ್ಲೂ ಹೋಗಂಗಿಲ್ಲ. ದಾರಿ ಮ್ಯಾಲ ಇರಲಾರ್ದಾಕಿ ದಾರಿ ತಪ್ಪೋದು ಹ್ಯಾಂಗ?”

ಅತ್ತೆ ಚಹಾ ಕುಡಿದು ಮುಗಿಸಿದರು. ಆಮೇಲೆ, “ಬಂಡೆಮ್ಮನ ಕೈಲಿ ಫೋನ್ ಕೊಟ್ಟು ಹೇಳಿಸ್ಬೇಕು. ನಿನ್ನ ಮಾತು ನಾ ನಂಬಂಗಿಲ್ಲ,” ಎಂದರು.

ಹೀಗೆ ಶುರುವಾಯಿತು. ದಿನಾ ಒಂಬತ್ತಕ್ಕೆ ಬಂಡೆಮ್ಮ ಫೋನು ಹಿಡಿದು, “ಮುಟ್ಯಾರ್ರೀ ನಿಮ್ಮ ಸೊಸಿ, ನನ್ನ ಮುಂದೇ ಕುಂತಾರ, ನೀವು ನಡಸ್ರಿ,” ಎನ್ನುವಳು. ಖಾಲಿ ಹೊಟ್ಟೆಯಲ್ಲಿ ಶುಗರ್ ಪರೀಕ್ಷೆಗೆ ಕುಳಿತ ಮಂದಿ ಇದೇನೆಂದು ನೋಡುತ್ತಿದ್ದರು.

ಮನೆಯಲ್ಲಿ ನಮ್ಮ ಮಾತು ಉರ್ದು. ಪರೀಕ್ಷೆ ಕನ್ನಡದಲ್ಲಿ ಬರೆಯಬೇಕಾದ್ದರಿಂದ ಕಥೆಯೂ ಕನ್ನಡದಲ್ಲೇ ಎಂದು ಹೇಳಿದ್ದೆ. ಅಂಗಡಿಯ ದೆಸೆಯಿಂದ ಅತ್ತೆಗೆ ಎರಡೂ ಸಲೀಸು. ಕಷ್ಟವಾದದ್ದು ನನಗೆ. ನಸುಕಿನಲ್ಲಿ, ರೊಟ್ಟಿ ಬಡಿಯುತ್ತ, ಆ ದಿನದ ಪಾಠವನ್ನು ಅತ್ತೆಗೆ ಹೇಳಬೇಕಿತ್ತು. ಅವರು ಸುಮ್ಮನೆ ಕೇಳುವವರಲ್ಲ.

“ರಕ್ತ ಯಾಕ ಹೋಗ್ತದ?”

“ಹೃದಯ ದೂಡ್ತದ, ಅದಕ್ಕ.”

“ದೂಡಿದ್ರ ಹೋಗೋದು ಕಲ್ಲು. ಕಲ್ಲಿನ ಕಥಿ ಯಾರು ಕೇಳ್ತಾರ? ಅದಕ ಏನು ಬೇಕಾಗ್ಯಾದ ಅದನ್ನ ಹೇಳು.”

ರೊಟ್ಟಿ ಹೊತ್ತಿತು. ಹದಿನಾಲ್ಕು ವರ್ಷದಲ್ಲಿ ರಕ್ತಕ್ಕೆ ಏನು ಬೇಕು ಎಂದು ನಾನು ಕೇಳಿಕೊಂಡಿರಲಿಲ್ಲ. “ಉಸುರು ಬೇಕು,” ಎಂದೆ ಕೊನೆಗೆ. “ತನಗಲ್ಲ. ಮೈಯಾಗಿನ ಎಲ್ಲಾ ಮನಿಗೂ ಉಸುರು ಒಯ್ದು ಮುಟ್ಟಿಸ್ಬೇಕು. ಅಲ್ಲಿಯ ಹೊಗಿ, ಮಸಿ ಹೊತ್ಕೊಂಡು ವಾಪಸ್ ಬರ್ಬೇಕು.”

“ಹಾಂ,” ಎಂದರು ಅತ್ತೆ. “ಈಗ ಆತು ನೋಡು.”

ಆ ದಿನ ಒಂಬತ್ತಕ್ಕೆ ಅವರು ಹೇಳಿದ ಕಥೆಯನ್ನು ಅಫ್ಶೀನ್ ಸಂಜೆ ನನಗೆ ಹೇಳಿದಳು. ಒಬ್ಬಾಕಿ ಮುಸಾಫಿರ. ಊರೂರ ಮನೆಗಳ ಮಸಿ ಹೊತ್ತು ಅವಳ ಸೀರೆ ಕಪ್ಪುಗೆಂಪಾಗಿದೆ. ಅವಳು ಕೋಟೆಗೆ ಬರುತ್ತಾಳೆ. ನಮ್ಮ ಕಲಬುರಗಿ ಕೋಟೆಯಂಥದ್ದೇ, ಆದರೆ ಒಳಗೆ ನಾಲ್ಕೇ ಕೋಣೆ. ಮೇಲೆ ಎರಡು, ಕೆಳಗೆ ಎರಡು, ನಡುವೆ ಬಾಗಿಲಿಲ್ಲದ ಗೋಡೆ. ಮಸೀದಿಗೆ ಹೋಗುವಾಗ ಯಾವ ಕಾಲು ಮೊದಲು? ಬಲಗಾಲು. ಹಾಗೇ ಅವಳು ಬಲದ ಮೇಲಿನ ಕೋಣೆಗೆ ಬರುತ್ತಾಳೆ. ಕೆಳಗಿನ ಕೋಣೆಗೆ ಇಳಿಯುತ್ತಾಳೆ. ಇಳಿದ ಕೂಡಲೇ ಹಿಂದಿನ ಬಾಗಿಲು ಧಡ್ ಎಂದು ಮುಚ್ಚುತ್ತದೆ. ಆ ಬಾಗಿಲು ಒಂದೇ ಕಡೆ ತೆರೆಯುತ್ತದೆ, ವಾಪಸು ಹೋಗಲು ಬರುವುದಿಲ್ಲ. ಅಲ್ಲಿಂದ ಅವಳನ್ನು ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಕಳಿಸುತ್ತಾರೆ. ಅಲ್ಲಿ ಮಸಿ ಇಳಿಸಿ, ಉಸಿರು ತುಂಬಿಕೊಂಡು, ಸೀರೆ ಕೆಂಪಗೆ ಮಾಡಿಕೊಂಡು, ಮತ್ತೆ ಅದೇ ಕೋಟೆಗೆ, ಈ ಸಲ ಎಡದ ಮೇಲಿನ ಕೋಣೆಗೆ. ಮಸೀದಿಯಿಂದ ಹೊರಡುವಾಗ ಯಾವ ಕಾಲು ಮೊದಲು? ಎಡಗಾಲು. ಎಡದ ಕೆಳಗಿನ ಕೋಣೆಯಿಂದ ದೊಡ್ಡ ಅಗಸಿ ದಾಟಿ ಊರೂರಿಗೆ.

“ಅದಕೇ ಎಡದ ಕೆಳಗಿನ ಗ್ವಾಡಿ ಎಲ್ಲಕ್ಕಿಂತ ದಪ್ಪ,” ಎಂದಳು. “ಎಲ್ಲಾ ಊರಿಗೂ ಅಲ್ಲಿಂದನೇ ದೂಡ್ಬೇಕಲ್ಲ.”

ನಾನು ಕೇಳದೆಯೇ ಹೇಳಿದ್ದಳು. ಶ್ವಾಸಕೋಶವನ್ನು ಅತ್ತೆ ಕಮಲಾಪುರದಲ್ಲಿ ಯಾಕಿಟ್ಟರು, ಬೆಳಿಗ್ಗೆ ಹೋಗಿ ಸಂಜೆ ಬರುವ ಆ ಮುಸಾಫಿರ ಯಾರು ಎಂದು ನಾನೂ ಕೇಳಲಿಲ್ಲ.

ಮರುದಿನ ಚಿತ್ರ ಬರೆದು ಫೋಟೋ ಕಳಿಸು ಎಂದೆ. ಬಂತು. ಬಲದ ಕೋಣೆಗಳು ಹಾಳೆಯ ಬಲಕ್ಕೆ, ಎಡದವು ಎಡಕ್ಕೆ. ಇಡೀ ಹೃದಯ ತಿರುವುಮುರುವು. ಚಿತ್ರದ ಹೃದಯ ನಮ್ಮನ್ನು ನೋಡುತ್ತ ನಿಂತಿರುತ್ತದೆ, ಅದರ ಬಲ ನಮಗೆ ಎಡ ಎಂದು ಫೋನಿನಲ್ಲಿ ಮೂರು ಸಲ ಹೇಳಿದೆ. ಅವಳಿಗೆ ಹತ್ತಲಿಲ್ಲ. ನನ್ನ ದನಿ ಏರಿತು. ಅತ್ತೆ ಫೋನು ಕಸಿದುಕೊಂಡರು.

“ನೀ ನಿನ್ನ ಸೂಜಿ ಚುಚ್ಚು ಹೋಗು,” ಎಂದರು ನನಗೆ. ಆಮೇಲೆ ಅವಳಿಗೆ ಹೇಳುವುದು ಕೇಳಿಸಿತು: “ಕುಂದ್ರ ಇಲ್ಲಿ, ಗಿರಾಕಿ ಕುಂತಂಗ. ಬಲಗೈ ಕೊಡು. ನನ್ನ ಯಾವ ಕಡೀ ಬಂತು?”

“ನಿನ್ನ ಎಡಗಡಿ.”

“ಐವತ್ತು ವರ್ಷ ಆತು ಬಳಿ ಇಡಕತ್ತು. ಒಮ್ಮಿಯಾರ ಒಬ್ಬರ ಬಲಗೈ ನನ್ನ ಬಲಕ್ಕ ಬಂದದೇನು? ಆ ಚಿತ್ರನೂ ಗಿರಾಕೀನೇ. ನಿನ್ನ ಮುಂದ ಬಳಿ ಇಡಿಸ್ಕೊಳ್ಳಾಕ ಕುಂತದ.”

ಆಮೇಲೆ ಆ ತಪ್ಪು ಅವಳು ಮಾಡಲಿಲ್ಲ.

ಇನ್ನೊಂದು ತಪ್ಪು ಮಾಡಿದಳು. ಹತ್ತನೆಯ ದಿನ ನಾನು ಒಂದು ಪ್ರಶ್ನೆಪತ್ರಿಕೆ ಮಾಡಿ ಬರೆಸಿದೆ. ಉತ್ತರ ಚೆನ್ನಾಗಿತ್ತು, ಕೋಣೆಗಳು ಸರಿಯಾಗಿದ್ದವು, ಬಾಣದ ಗುರುತುಗಳು ಸರಿಯಾಗಿದ್ದವು. ನಡುವೆ ಅಂದವಾದ ಅಕ್ಷರದಲ್ಲಿ ಒಂದು ವಾಕ್ಯ: ‘ಶ್ವಾಸಕೋಶದಿಂದ ಬಂದ ರಕ್ತವು ಹೃದಯದಲ್ಲಿ ಸ್ವಲ್ಪ ಹೊತ್ತು ವಿಶ್ರಾಂತಿ ಪಡೆಯುತ್ತದೆ.’

“ಇದು ಯಾವ ಪುಸ್ತಕದಾಗ ಅದ?”

ಅಫ್ಶೀನ್ ದಾದಿಯ ಕಡೆ ನೋಡಿದಳು. ಅತ್ತೆ ಬಳೆಯ ಡಬ್ಬಿ ಒರೆಸುತ್ತಿದ್ದರು.

“ನಾನೇ ಹೇಳೀನಿ,” ಎಂದರು. “ಅಷ್ಟು ದೂರದಿಂದ ಬಂದಾಕಿ. ಕ್ವಾಟ್ಯಾಗ ಒಂದು ಜಮಖಾನಿ ಹಾಸಿ, ನೀರು ಕೊಟ್ಟು, ಎರಡು ಗಳಿಗಿ ಕುಂದ್ರಿಸಿದ್ರ ಏನು ಹೋಗ್ತದ? ಮುಸಾಫಿರ್‌ಗೆ ನೀರು ಕೊಡಲಾರದ ಕ್ವಾಟಿ ಎಂಥಾ ಕ್ವಾಟಿ?”

“ರಕ್ತ ಕೂಡಂಗಿಲ್ಲ ಅಮ್ಮಾಜಾನ್. ಕುಂತ್ರ ಹೆಪ್ಪುಗಟ್ತದ. ಮನಷ್ಯಾ ಸಾಯ್ತಾನ.”

“ನೀನೂ ಕೂಡಂಗಿಲ್ಲ. ಬಂದಾಕಿ ಬುರ್ಖಾ ತೆಗೆಯೋದ್ರಾಗ ಒಲಿ ಮುಂದ ನಿಂತಿರ್ತಿ. ಕಥಿಯೊಳಗಾದ್ರೂ ಕೂಡಲಿ ಅಂದೆ.”

ಡಬ್ಬಿ ಒರೆಸುವುದು ನಿಲ್ಲಲಿಲ್ಲ. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಆದರೆ ತಪ್ಪು ಬರೆದರೆ ಅಂಕ ಹೋಗುತ್ತದೆ. ಹದಿನಾರು ದಿನ ಉಳಿದಿತ್ತು. ಅತ್ತೆ ಬೇಜಾರಾದರೂ ಸರಿ ಎಂದುಕೊಂಡು ಹೇಳಿದೆ: “ಕಥಿ ಛಂದ ಅದಂತ ಸುಳ್ಳು ಸೇರಿಸಿದ್ರ ಆಕಿ ಸುಳ್ಳೇ ಬರೀತಾಳ. ಅಷ್ಟು ಗಟ್ಟಿ ನೆನಪಿರ್ತದ ನಿಮ್ಮ ಕಥಿ. ಜಮಖಾನಿ ತೆಗೀರಿ.”

ಅತ್ತೆ ಡಬ್ಬಿ ಮುಚ್ಚಿಟ್ಟು ಎದ್ದು ಹೋದರು. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಕೇಳಿದರು: “ಉರುಸಿನಾಗ ದರ್ಗಾದ ಒಳಗ ಯಾರಿಗಾದ್ರೂ ನಿಲ್ಲಾಕ ಬಿಡ್ತಾರೇನು?”

“ಇಲ್ಲ.”

“ಒಬ್ಬ ನಿಂತ್ರ ಹಿಂದಿನ ಸಾವಿರ ಮಂದಿ ಅಲ್ಲೇ ಒತ್ತಿ ಸಾಯ್ತಾರ. ‘ಮುಂದ ನಡೀರಿ, ಮುಂದ ನಡೀರಿ’ ಅಂತ ಕೋಲು ಹಿಡಕೊಂಡು ನಿಂತಿರ್ತಾರ. ಹಂಗ ಹೇಳ್ತೀನಿ. ಆಕಿ ಕೂಡಂಗಿಲ್ಲ. ಆದ್ರ ಕ್ವಾಟಿಗೂ ದಣಿವಾಗಂಗಿಲ್ಲೇನು?”

“ಎರಡು ಬಡಿತದ ನಡುವ ಕ್ವಾಟಿ ಒಂದು ಚಣ ಸಡಿಲ ಆಗ್ತದ. ಅಷ್ಟೇ ಅದರ ದಮ್ಮು.”

“ಅಷ್ಟಾದ್ರೂ ಅದ ಬಿಡು,” ಎಂದು ಅತ್ತೆ ಒಳಗೆ ಹೋದರು.

ಅಂದಿನಿಂದ ಪ್ರತಿ ಕಥೆಯನ್ನೂ ಸಂಜೆ ನಾನು ತೂಗಿ ನೋಡುತ್ತಿದ್ದೆ. ಯಾವುದು ಪಾಠದ್ದು, ಯಾವುದು ಅತ್ತೆಯದು ಎಂದು ಅಫ್ಶೀನಳೇ ಬೇರೆ ಮಾಡಿ ಹೇಳಬೇಕು. ವಿದ್ಯುತ್ತು ರೋಜಾದ ಓಣಿಗಳಲ್ಲಿ ನುಗ್ಗುವ ಗಾಡಿಗಳಾಯಿತು. ಓಣಿ ಸಣ್ಣದಾದಷ್ಟೂ ತಡೆ ಹೆಚ್ಚು. ಆಮ್ಲ ಮತ್ತು ಪ್ರತ್ಯಾಮ್ಲ ಎರಡು ಜಗಳಗಂಟ ಮನೆತನಗಳಾದವು, ಮದುವೆಯಾದ ಮೇಲೆ ಉಪ್ಪೂ ನೀರೂ ಆಗಿ ತಣ್ಣಗಾದವು. ಬೆಳಕಿನ ಪಾಠಕ್ಕೆ ಅತ್ತೆಯಿಂದ ಕಥೆ ಹೊರಡಲೇ ಇಲ್ಲ. “ಇದಕ ಏನೂ ಬೇಕಾಗಿಲ್ಲ, ಸೀದಾ ಹೋಗ್ತದಷ್ಟೇ. ಇದು ನಿನ್ನ ಪಾಲು,” ಎಂದರು. ಅದನ್ನು ನನ್ನ ಹಳೆಯ ರೀತಿಯಲ್ಲೇ ಕಲಿಸಿದೆ. ಅವಳು ಹಳೆಯ ರೀತಿಯಲ್ಲೇ ಮರೆತಳು, ಮತ್ತೆ ಕಲಿಸಿದೆ. ಮೂತ್ರಪಿಂಡದ ಪಾಠ ಕೊನೆಗೆ ಉಳಿಯಿತು. ಅದಕ್ಕೆ ಕಥೆ ಕಟ್ಟಲು ದಿನವೇ ಸಾಲಲಿಲ್ಲ, ಒಂದು ಸಲ ಓದಿಸಿ ಬಿಟ್ಟೆ.

ವಿಜ್ಞಾನ ಪರೀಕ್ಷೆಯ ದಿನ ರಜೆ ಸಿಗಲಿಲ್ಲ. ಲ್ಯಾಬಿನಲ್ಲಿ ನಾನೊಬ್ಬಳೇ. ಗರ್ಭಿಣಿಯರ ತಪಾಸಣೆಯ ದಿನ ಬೇರೆ, ಹನ್ನೆರಡು ಜನ ಬಂದು ಕುಳಿತಿರುತ್ತಾರೆ. ಗುಫ್ರಾನ್ ಮಗಳನ್ನು ಕೇಂದ್ರಕ್ಕೆ ಬಿಡುವುದು, ಅವಳು ಒಂಬತ್ತೂಕಾಲಿಗೆ ಮನೆ ಬಿಡುವುದು, ಅದರೊಳಗೆ ಅತ್ತೆ ಒಂದು ಸಲ ಕೋಟೆಯ ಕಥೆ ಹೇಳಿ ಕಳಿಸುವುದು ಎಂದು ಆಗಿತ್ತು. ಅಫ್ಶೀನ್ ಅದೊಂದನ್ನೇ ಕೇಳಿದ್ದಳು. “ಕ್ವಾಟಿ ಕಥಿ ಕೇಳಿ ಹೋದ್ರ ಕೈ ನಡುಗಂಗಿಲ್ಲ ಅಮ್ಮಿ.” ಅದಕ್ಕಾಗಿ ನಾನು ಏಳರ ಬಸ್ಸನ್ನೇ ಹಿಡಿದೆ. ಎಂಟೂಕಾಲಿಗೆ ಮುಟ್ಟಬಹುದು ಎಂಬ ಲೆಕ್ಕ.

ಮಹಾಗಾಂವ ಕ್ರಾಸಿಗೆ ಇನ್ನೂ ಸ್ವಲ್ಪ ಇರುವಾಗ ಬಸ್ಸು ನಿಂತಿತು. ಮುಂದೆ ತೊಗರಿ ಚೀಲದ ಲಾರಿಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಕಣ್ಣಿಗೆ ಕಾಣುವವರೆಗೂ ಗಾಡಿಗಳ ಸಾಲು. ಎಂಟೂವರೆಯಾಯಿತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕೆಳಗಿಳಿದು ಅತ್ತಿತ್ತ ನಡೆದೆ. ಎಂಟೂ ನಲವತ್ತಾಯಿತು. ನಾನು ಮುಟ್ಟಿದೆ ಎನ್ನುವವರೆಗೆ ಅತ್ತೆ ಬಾಯಿ ತೆರೆಯುವುದಿಲ್ಲ. ಪ್ರಾಣ ಹೋದರೂ ತೆರೆಯುವುದಿಲ್ಲ.

ಫೋನು ಮಾಡಿದೆ.

“ಮುಟ್ಟಿದೆ ಅಮ್ಮಾಜಾನ್. ನಡಸ್ರಿ.”

“ಬಂಡೆಮ್ಮನ ಕೈಯಾಗ ಕೊಡು.”

“ಆಕಿ ಇನ್ನಾ ಬಂದಿಲ್ಲ. ಇವತ್ತು ನಾ ಲಗೂ ಬಂದೀನಿ.”

ಆಗಲೇ ಹಿಂದಿನಿಂದ ಒಂದು ಲಾರಿ ಉದ್ದಕ್ಕೆ ಹಾರ್ನು ಹೊಡೆಯಿತು. ಕಂಡಕ್ಟರು ನನ್ನ ಪಕ್ಕದಲ್ಲೇ ನಿಂತು ಕೂಗಿದ: “ದೂರ ಹೋಗಬ್ಯಾಡ್ರೀ ಯಾರೂ. ಕ್ರೇನ್ ಬರಾಕತ್ತದ. ಇನ್ನಾ ಅರ್ಧಾ ತಾಸು ಹಿಡೀತದ.”

ಆ ಕಡೆ ಗೋಡೆಯ ಗಡಿಯಾರದ ಸದ್ದು ಫೋನಿನಲ್ಲಿ ಕೇಳುತ್ತಿತ್ತು, ಅಥವಾ ಕೇಳಿದಂತೆ ಅನಿಸಿತು. ಈಗ ಫೋನು ಇಡುತ್ತಾರೆ ಎಂದುಕೊಂಡೆ. ಆರು ವರ್ಷ ಅವರು ಒಂದು ದಿನವೂ ತಪ್ಪದೆ ನನಗಾಗಿ ಬಾಯಿ ಕಟ್ಟಿಕೊಂಡಿದ್ದರು. ನಾನು ಅದಕ್ಕೆ ಸುಳ್ಳು ಹೇಳಿದ್ದೆ.

“ಮುಟ್ಟಿದಿ ಅಂದ್ಯಲ್ಲ,” ಎಂದರು ಅತ್ತೆ ನಿಧಾನವಾಗಿ.

“ಹೂಂ.”

“ಹಂಗಾರ ಮುಟ್ಟಿದಿ. ಫೋನ್ ಇಡಬ್ಯಾಡ. ಕಥಿ ಮುಗಿಯೋ ತನಕ ನೀನೂ ಹೂಂ ಅನಕೋತ ಇರು. ನಿನ್ನ ಹೂಂ ನನಗ ಕೇಳಸ್ತಿರಬೇಕು. ನಿಂತಲ್ಲೇ ನಿಂದ್ರು, ಗಾಡಿ ನಡುವ ತಿರುಗಬ್ಯಾಡ. ಕೇಳ್ತೇನು?”

“ಕೇಳ್ತು ಅಮ್ಮಾಜಾನ್.”

“ಅಫ್ಶೀನ್, ಬಾ ಕುಂದ್ರ. ನಿಮ್ಮಮ್ಮಿ ಮುಟ್ಯಾಳ. ಒಬ್ಬಾಕಿ ಮುಸಾಫಿರ ಇದ್ಳು...”

“ಹೂಂ,” ಎಂದೆ. ರಸ್ತೆಯ ಅಂಚಿನ ಜಾಲಿ ಗಿಡದ ತುಸು ನೆರಳಿನಲ್ಲಿ ನಿಂತು ಎಂದೆ. ಮುಸಾಫಿರ ಬಲದ ಮೇಲಿನ ಕೋಣೆಗೆ ಬಂದಳು. ಹೂಂ. ಬಾಗಿಲು ಧಡ್ ಎಂದಿತು. ಹೂಂ. ನನ್ನ ಹೂಂ, ನನ್ನ ಮಗಳ ಹೂಂ ಒಂದರ ಹಿಂದೊಂದು ಬೀಳುತ್ತಿದ್ದವು. ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು, “ಏನಾತ್ರೀ, ಯಾರಿಗಾರ ಆರಾಮಿಲ್ಲೇನು?” ಎಂದು ಕೇಳಿದಳು. ಕೈ ಸನ್ನೆ ಮಾಡಿದೆ. ಕಥೆ ಕಮಲಾಪುರದ ತೋಟ ಮುಟ್ಟಿತು, ಸೀರೆ ಕೆಂಪಾಯಿತು. ನಾನಿನ್ನೂ ಮಹಾಗಾಂವದ ಈಚೆಗೇ ಇದ್ದೆ. ದೊಡ್ಡ ಅಗಸಿ ದಾಟುವಾಗ ಅತ್ತೆಯ ದನಿ ಸ್ವಲ್ಪ ನಡುಗಿತು. ಅಫ್ಶೀನಳ ಹೂಂ ನಡುಗಲಿಲ್ಲ.

ಲ್ಯಾಬು ಮುಟ್ಟಿದಾಗ ಒಂಬತ್ತೂಮುಕ್ಕಾಲು. ಚೀಲ ಇಡುವ ಮೊದಲೇ ಬಂಡೆಮ್ಮನ ಕೈಗೆ ಫೋನು ಕೊಟ್ಟೆ. “ಈಗ ಮುಟ್ಯಾರ್ರೀ,” ಎಂದಳು ಅವಳು. ಅತ್ತೆ ‘ಹೂಂ’ ಎಂದು ಫೋನು ಇಟ್ಟರಂತೆ.

ಸಂಜೆ ಓಣಿಯಲ್ಲೇ ಅಫ್ಶೀನ್ ಎದುರು ಬಂದಳು.

“ಕ್ವಾಟಿ ಬರಲೇ ಇಲ್ಲ ಅಮ್ಮಿ. ಹೃದಯದ ಒಂದ್ ಪ್ರಶ್ನೆನೂ ಬರಲಿಲ್ಲ. ಮೂತ್ರಪಿಂಡ ಬಂತು. ಐದು ಮಾರ್ಕ್ಸಿಂದು.”

ಆ ಒಂದು ಪಾಠವನ್ನು ಬಿಟ್ಟಿದ್ದು ನಾನೇ.

“ಬರದೀನಿ,” ಎಂದಳು ಅವಳು. “ಮೊದಲ ಕೈ ತಣ್ಣಗಾತು. ಆಮ್ಯಾಲ ದಾದಿ ಕೇಳ್ತಾಳಲ್ಲ, ಇದಕ ಏನು ಬೇಕಾಗ್ಯಾದ ಅಂತ, ಹಂಗ ಕೇಳ್ಕೊಂಡೆ. ಹೊಸಾ ಬಳಿ ಪೆಟ್ಟಿಗಿ ಬಂದಾಗ ದಾದಿ ಏನು ಮಾಡ್ತಾಳ? ಮೊದಲ ಎಲ್ಲಾ ಜಮಖಾನಿ ಮ್ಯಾಲ ಸುರೀತಾಳ. ಛಲೋ ಬಳಿ, ಸೀಳಿದ್ದು, ಹೊಟ್ಟು, ಎಲ್ಲಾ. ಆಮ್ಯಾಲ ಛಲೋವು ಒಂದೊಂದೇ ವಾಪಸ್ ತಗೋತಾಳ. ಉಳಿದದ್ದು ಹೊರಗ ಒಗೀತಾಳ. ಮೂತ್ರಪಿಂಡದಾಗಿನ ನೆಫ್ರಾನೂ ಅದನ್ನೇ ಮಾಡ್ತದ. ಮೊದಲ ಎಲ್ಲಾ ಸೋಸಿ ಹೊರಗ ಬಿಡ್ತದ, ಆಮ್ಯಾಲ ಬೇಕಾದ್ದು ವಾಪಸ್ ಎಳಕೋತದ. ನೀ ಒಮ್ಮಿ ಓದಿಸಿದ್ದು ನೆನಪಾತು. ಬಳಿ, ಜಮಖಾನಿ ಬರೀಲಿಲ್ಲ ಮತ್ತ,” ಎಂದು ನಕ್ಕಳು. “ಪಾಠದ್ದು ಅಷ್ಟೇ ಬರದೀನಿ.”

ಅಂಗಡಿಯ ಬಾಗಿಲಲ್ಲಿ ಕುಳಿತ ಅತ್ತೆ ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡರು. “ಹೂಂ,” ಎಂದರು. ನನ್ನನ್ನು ನೋಡಿ, ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ದೂಡಿದರು. “ಇಲ್ಲಿ ಕುಂದ್ರು ಮೊದಲ. ಒಲಿ ಎಲ್ಲೂ ಓಡಿ ಹೋಗಂಗಿಲ್ಲ.”

ಬೆಳಗಿನ ಸುಳ್ಳಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಕುಳಿತೆ.

ಫಲಿತಾಂಶ ಬಂದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ನಾನು ಬಸ್ಸಿನಲ್ಲಿದ್ದೆ, ಸೀಟು ಸಿಕ್ಕಿತ್ತು, ನಿದ್ದೆ ಬಂದಿರಲಿಲ್ಲ. ಫೋನು ಬಂತು.

“ಅಮ್ಮಿ, ಮುಟ್ಟಿದಿ?”

“ಇಲ್ಲ, ದಾರಿ ಮ್ಯಾಲ ಇದ್ದೀನಿ. ಏನಾತು ಹೇಳು.”

“ಮುಟ್ಟಿದ ಮ್ಯಾಲ ಹೇಳ್ತೀನಿ.”

“ಅಫ್ಶೀನ್.”

“ದಾದಿ ಕಾನೂನು ಅಮ್ಮಿ. ನಾ ಏನು ಮಾಡ್ಲಿ?” ನಗು ತಡೆದುಕೊಂಡದ್ದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು.

ಹಿಂದಿನಿಂದ ಅತ್ತೆಯ ದನಿ ಬಂತು, ಬಳೆಗಳ ಸದ್ದಿನ ನಡುವೆ: “ಹೇಳಿಬಿಡ ಬೇ ಆಕಿಗೆ. ಇದೇನು ಕಥಿ ಅಲ್ಲ.”